ರೆಕ್ಕೆಗೆ ಯಾವ ಬಣ್ಣ?

ಮೊದಲ ಮಹಾಯುದ್ಧದ ಜರ್ಮನ್ ವೈಮಾನಿಕ ಮ್ಯಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್‌ನ ವಿಮಾನ ಯಾವ ಬಣ್ಣದ್ದಾಗಿತ್ತು ಎಂದು ಕೇಳಿದರೆ ವಿಮಾನಗಳ ಬಗ್ಗೆ ಹೆಚ್ಚೇನೂ ತಿಳಿಯದವರೂ 'ಕೆಂಪು' ಎಂದುಬಿಡುತ್ತಾರೆ. 'ರೆಡ್ ಬ್ಯಾರನ್' ಎಂಬ ಅವನ ಅಡ್ಡಹೆಸರಿನಲ್ಲೇ ಉತ್ತರವಿದೆ. ಆದರೆ ಇನ್ನೊಂದು ಪ್ರಶ್ನೆ ಕೇಳಬಹುದು. ಕೆಂಪು ಎಂದರೆ ಯಾವ ಕೆಂಪು? ಕುಂಕುಮದ ಕೆಂಪೋ, ದಾಸವಾಳದ ಕೆಂಪೋ, ಹಂಚಿನ ಕೆಂಪೋ? ವಿಮಾನವಿಡೀ ಕೆಂಪಾಗಿತ್ತೋ, ಕೆಲವು ಭಾಗ ಮಾತ್ರವೋ? ಅವನು ಹಾರಿಸಿದ್ದು ಒಂದೇ ವಿಮಾನವನ್ನಲ್ಲ. ಕೆಲವು ಪೂರ್ತಿ ಕೆಂಪಾಗಿದ್ದವು, ಕೆಲವು ಅಲ್ಲಲ್ಲಿ ಮಾತ್ರ.

ಈ ಪ್ರಶ್ನೆಗೆ ಸಾಕಷ್ಟು ಸಮರ್ಪಕ ಉತ್ತರ ದೊರಕಿರುವುದು ಒಂದು ವಿಚಿತ್ರ ಕಾರಣದಿಂದ. 1918ರ ಏಪ್ರಿಲ್ 21ರಂದು ಫ್ರಾನ್ಸಿನ ಸೊಮ್ ನದಿಯ ಬಳಿ ರಿಕ್ಟ್‌ಹೋಫೆನ್ ಗುಂಡೇಟಿಗೆ ಬಲಿಯಾದ. ನೆಲಕ್ಕಿಳಿದ ಅವನ ಮೂರು ರೆಕ್ಕೆಯ ಫೋಕರ್ ವಿಮಾನದ ಮೇಲೆ ಸೈನಿಕರು ಮುಗಿಬಿದ್ದು, ನೆನಪಿಗೆಂದು ಅದರ ಬಟ್ಟೆಯನ್ನು ತುಂಡುತುಂಡಾಗಿ ಹರಿದುಕೊಂಡರು. ಆ ಚೂರುಗಳಲ್ಲಿ ಕೆಲವು ಇಂದು ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ವಿಮಾನ ಉಳಿಯಲಿಲ್ಲ, ಬಣ್ಣ ಉಳಿಯಿತು. ಈ ಭಾಗ್ಯ ಎರಡು ಮಹಾಯುದ್ಧಗಳಲ್ಲಿ ಹಾರಿದ ಬೇರೆ ಲಕ್ಷಾಂತರ ವಿಮಾನಗಳಿಗೆ ಇಲ್ಲ. ಅವುಗಳಲ್ಲಿ ಬಹುಪಾಲು ಉರಿದುಹೋದವು, ಸಮುದ್ರದ ಪಾಲಾದವು ಇಲ್ಲವೇ ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಿ ಕರಗಿದವು.

ಆ ವಿಮಾನಗಳಿಗೆ ಇಂದು ಮತ್ತೆ ಬಣ್ಣ ಬಳಿಯುವ ಕೆಲಸ ನಡೆದಿದೆ. ಬಳಿಯುತ್ತಿರುವವರು ಕಾರ್ಖಾನೆಯವರಲ್ಲ, ವಾಯುಪಡೆಯವರೂ ಅಲ್ಲ. ಕಂಪ್ಯೂಟರ್ ಪರದೆಯ ಮೇಲೆ ವಿಮಾನ ಹಾರಿಸುವ 'ಫ್ಲೈಟ್ ಸಿಮ್ಯುಲೇಟರ್' ಹವ್ಯಾಸಿಗಳು. ಮೇಲ್ನೋಟಕ್ಕೆ ಇದು ಆಟ. ಆದರೆ ಒಂದು ರೆಕ್ಕೆಯ ಬಣ್ಣವನ್ನು ನಿರ್ಧರಿಸಲು ಅವರು ಪಡುವ ಪಾಡನ್ನು ನೋಡಿದರೆ, ಇತಿಹಾಸವನ್ನು ಬರೆಯುವವರು ಎದುರಿಸುವ ಪ್ರಶ್ನೆಗಳೆಲ್ಲ ಅಲ್ಲಿಯೂ ಇರುವುದು ಗೊತ್ತಾಗುತ್ತದೆ. ಸಾಕ್ಷಿ ಯಾವುದು? ಅದನ್ನು ಎಷ್ಟು ನಂಬಬೇಕು? ಸಾಕ್ಷಿ ಇಲ್ಲದಿದ್ದಾಗ ಏನು ಮಾಡಬೇಕು?

ಬಿಚ್ಚಿಟ್ಟ ಪೆಟ್ಟಿಗೆ

ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರದ ಕಲ್ಪನೆ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ಅಂಥ ಒಂದು ತರಬೇತಿ ಯಂತ್ರವನ್ನು ತಯಾರಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಪೈಲಟ್‌ಗಳು ಅದರಲ್ಲೇ ಪಾಠ ಕಲಿತರು. ಮನೆಯ ಕಂಪ್ಯೂಟರಿಗೆ ಈ ಸೌಕರ್ಯ ಬಂದದ್ದು 1980ರ ಸುಮಾರಿಗೆ. ಬ್ರೂಸ್ ಆರ್ಟ್‌ವಿಕ್ ಎಂಬವರು ರೂಪಿಸಿದ ಕಾರ್ಯಕ್ರಮ 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಹೆಸರಿನಲ್ಲಿ ಹೊರಬಂತು. ಆಗ ಪರದೆಯ ಮೇಲೆ ಕಾಣುತ್ತಿದ್ದುದು ಕೆಲವು ಗೆರೆಗಳು ಮಾತ್ರ. ವಿಮಾನದ ಬಣ್ಣದ ಬಗ್ಗೆ ಚರ್ಚಿಸುವ ಪ್ರಶ್ನೆಯೇ ಇರಲಿಲ್ಲ.

1990ರಲ್ಲಿ 'ರೆಡ್ ಬ್ಯಾರನ್', 1998ರಲ್ಲಿ ಮೈಕ್ರೋಸಾಫ್ಟ್‌ನ ಯುದ್ಧವಿಮಾನಗಳ ಸಿಮ್ಯುಲೇಟರ್, 2001ರಲ್ಲಿ ರಷ್ಯದಲ್ಲಿ ತಯಾರಾದ 'ಇಲ್-2 ಸ್ಟುರ್ಮೊವಿಕ್' ಬಂದವು. ವಿಮಾನಕ್ಕೆ ತಮಗೆ ಬೇಕಾದ ಬಣ್ಣವನ್ನು ತಾವೇ ಬಳಿದುಕೊಳ್ಳುವ ಹವ್ಯಾಸ ದೊಡ್ಡದಾಗಿ ಹರಡಲು 'ಇಲ್-2' ಮುಖ್ಯ ಕಾರಣವಾಯಿತು.

ಇದು ನಡೆಯುವ ರೀತಿ ಸರಳ. ಮಿಠಾಯಿಯ ರಟ್ಟಿನ ಪೆಟ್ಟಿಗೆಯೊಂದನ್ನು ಅಂಟು ಬಿಡಿಸಿ ನೆಲದ ಮೇಲೆ ಚಪ್ಪಟೆಯಾಗಿ ಹರಡಿದಂತೆ ಊಹಿಸಿಕೊಳ್ಳಿ. ಕಂಪ್ಯೂಟರಿನೊಳಗಿನ ವಿಮಾನವನ್ನೂ ಹೀಗೆಯೇ ಬಿಚ್ಚಿ ಒಂದು ಚೌಕದ ಮೇಲೆ ಹಾಸುತ್ತಾರೆ. ಎಡರೆಕ್ಕೆ ಒಂದು ಮೂಲೆಯಲ್ಲಿ, ಬಾಲ ಇನ್ನೊಂದು ಮೂಲೆಯಲ್ಲಿ. ಆ ಚೌಕದ ಮೇಲೆ ಬಣ್ಣ ತುಂಬಿದರೆ ಕಂಪ್ಯೂಟರ್ ಅದನ್ನು ಮತ್ತೆ ವಿಮಾನಕ್ಕೆ ಚರ್ಮದಂತೆ ಹೊದಿಸುತ್ತದೆ. ಹವ್ಯಾಸಿಗಳು ಇದನ್ನು 'ಸ್ಕಿನ್' ಎಂದೇ ಕರೆಯುತ್ತಾರೆ. 2001ರ 'ಇಲ್-2'ರಲ್ಲಿ ಆ ಚೌಕದ ಒಂದು ಬದಿಗೆ 1024 ಚುಕ್ಕಿಗಳು, ಒಟ್ಟು 256 ಬಣ್ಣಗಳು ಮಾತ್ರ. ಇಂದಿನ ಸಿಮ್ಯುಲೇಟರುಗಳಲ್ಲಿ ಒಂದು ಬದಿಗೆ 4096 ಚುಕ್ಕಿಗಳಿರುವುದು ಸಾಮಾನ್ಯ. ರಿವೆಟ್ಟಿನ ತಲೆ, ಎಂಜಿನ್ ಹೊಗೆಯ ಮಸಿ, ಪೈಲಟ್ ಕಾಲಿಟ್ಟು ಹತ್ತಿದ ಕಡೆ ಸವೆದ ಬಣ್ಣ, ಇಷ್ಟನ್ನೂ ತೋರಿಸಬಹುದು.

ತೋರಿಸಬಹುದಾದದ್ದು ಹೆಚ್ಚಾದಷ್ಟೂ ತಿಳಿದಿರಬೇಕಾದದ್ದೂ ಹೆಚ್ಚಾಯಿತು. ಹಿಂದೆ 'ಹಸಿರು' ಎಂದರೆ ಸಾಕಾಗಿತ್ತು. ಈಗ ಯಾವ ಹಸಿರು, ಯಾವ ತಿಂಗಳಿನ ಹಸಿರು, ಯಾರು ಬಳಿದ ಹಸಿರು ಎಂದು ಹೇಳಬೇಕಾಯಿತು.

ಅಡಗುವುದು, ಕಾಣಿಸಿಕೊಳ್ಳುವುದು

ಯುದ್ಧವಿಮಾನದ ಬಣ್ಣಕ್ಕೆ ಎರಡು ಕೆಲಸ. ಒಂದು, ಶತ್ರುವಿನ ಕಣ್ಣಿಗೆ ಕಾಣದಂತೆ ಮರೆಮಾಡುವುದು. ಇನ್ನೊಂದು, ಸ್ವಂತ ಕಡೆಯವರಿಗೆ ಎದ್ದು ಕಾಣುವಂತೆ ಮಾಡುವುದು. ಈ ಎರಡೂ ಒಂದಕ್ಕೊಂದು ವಿರುದ್ಧ. ವಿಮಾನದ ಬಣ್ಣದ ಇತಿಹಾಸವೆಲ್ಲ ಇವೆರಡರ ನಡುವಣ ಹಗ್ಗಜಗ್ಗಾಟ.

ಅಲ್ಲಿ ಪ್ರಾಣದ ಪ್ರಶ್ನೆ ಇತ್ತು. ಬ್ರಿಟನ್ ಎರಡನೆಯ ಮಹಾಯುದ್ಧಕ್ಕೆ ಇಳಿದ ಮೂರೇ ದಿನಕ್ಕೆ, 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ದೇಶದ ಎರಡು ಹರಿಕೇನ್ ವಿಮಾನಗಳನ್ನು ಜರ್ಮನ್ ವಿಮಾನಗಳೆಂದು ತಿಳಿದು ಹೊಡೆದುರುಳಿಸಿದವು. ಒಬ್ಬ ತರುಣ ಪೈಲಟ್ ಸತ್ತ. ಆ ಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಅವನೇ. ಬ್ರಿಟನ್ನಿನ ಫೈಟರ್‌ಗಳ ಹೊಟ್ಟೆಯಡಿ ಒಂದು ರೆಕ್ಕೆಗೆ ಕಪ್ಪು, ಇನ್ನೊಂದಕ್ಕೆ ಬಿಳಿ ಬಳಿಯುತ್ತಿದ್ದ ಕಾಲ ಅದು. ನೆಲದ ಮೇಲಿನ ವೀಕ್ಷಕರು ಕತ್ತೆತ್ತಿ ನೋಡಿದರೆ ಸ್ವಂತ ವಿಮಾನವೆಂದು ತಿಳಿಯಲಿ ಎಂಬುದು ಉದ್ದೇಶ.

1944ರ ಜೂನ್ ತಿಂಗಳಿನಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಯುವ ಮುನ್ನ ಇದೇ ಭಯ ದೊಡ್ಡದಾಗಿ ಕಾಡಿತು. ಆಕಾಶದಲ್ಲಿ ಸಾವಿರಾರು ವಿಮಾನ, ಕೆಳಗೆ ಹಡಗುಗಳ ತುಂಬ ತೋಪು ಹಿಡಿದ ಸೈನಿಕರು. ಕೊನೆಗಳಿಗೆಯಲ್ಲಿ ಆಜ್ಞೆ ಬಂತು. ವಿಮಾನಗಳ ರೆಕ್ಕೆಗೂ ಮೈಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳು ಬೀಳಬೇಕು. ಒಂಟಿ ಎಂಜಿನ್ನಿನ ವಿಮಾನಕ್ಕೆ ಒಂದೊಂದು ಪಟ್ಟೆ 18 ಅಂಗುಲ ಅಗಲ, ಜೋಡಿ ಎಂಜಿನ್ನಿನವಕ್ಕೆ 24 ಅಂಗುಲ. ನೆಲೆಗಳ ಕೆಲಸಗಾರರು ಕೈಗೆ ಸಿಕ್ಕ ಕುಂಚ ಹಿಡಿದು ರಾತ್ರಿಯೆಲ್ಲ ಬಳಿದರು. ಅಂದಿನ ಛಾಯಾಚಿತ್ರಗಳಲ್ಲಿ ಎಷ್ಟೋ ಪಟ್ಟೆಗಳ ಅಂಚು ಸೊಟ್ಟಗಿದೆ.

ಸಿಮ್ಯುಲೇಟರಿಗೆ ಬಣ್ಣ ಬಳಿಯುವ ಹೊಸಬ ಈ ಪಟ್ಟೆಗಳನ್ನು ಗೆರೆಕಡ್ಡಿ ಇಟ್ಟಂತೆ ನೇರವಾಗಿ ಎಳೆಯುತ್ತಾನೆ. ಪಳಗಿದವನು ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಅವನ್ನು ಸೊಟ್ಟಗೇ ಎಳೆಯುತ್ತಾನೆ. ಆ ಸೊಟ್ಟಗೆರೆಯಲ್ಲಿ ಒಬ್ಬ ಮನುಷ್ಯನ ಆಯಾಸವಿದೆ. ಪೈಲಟ್‌ಗಳ ಹೆಸರನ್ನು ಪುಸ್ತಕಗಳು ಬರೆದಿಟ್ಟಿವೆ. ಕುಂಚ ಹಿಡಿದವರ ಹೆಸರು ಹೆಚ್ಚಾಗಿ ಎಲ್ಲಿಯೂ ಇಲ್ಲ. ಅವರು ಬಿಟ್ಟುಹೋದ ದಾಖಲೆ ಆ ಗೆರೆಯೊಂದೇ.

ಸುಳ್ಳು ಹೇಳುವ ಛಾಯಾಚಿತ್ರ

ಛಾಯಾಚಿತ್ರ ಇದ್ದರೆ ಮುಗಿಯಿತಲ್ಲ ಎನ್ನಬಹುದು. ತೊಡಕು ಶುರುವಾಗುವುದೇ ಅಲ್ಲಿ. ಆ ಕಾಲದ ಚಿತ್ರಗಳು ಬಹುಮಟ್ಟಿಗೆ ಕಪ್ಪು-ಬಿಳುಪು. 1965ರ ಕನ್ನಡ ಚಲನಚಿತ್ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ರಾಜನ ಉಡುಪಿಗೆ ಯಾವ ಬಣ್ಣ ಕೊಟ್ಟರೂ ಕಣ್ಣಿಗೆ ಒಪ್ಪಿದರೆ ಸಾಕು. ವಿಮಾನದ ವಿಷಯ ಹಾಗಲ್ಲ. 'ಇದು ಹೀಗೆಯೇ ಇತ್ತು' ಎಂಬ ಮಾತು ಬಣ್ಣದೊಂದಿಗೆ ಸೇರಿಕೊಂಡೇ ಬರುತ್ತದೆ.

ಕಪ್ಪು-ಬಿಳುಪಿನಲ್ಲೂ ಬಗೆಗಳಿವೆ. ಮೊದಲ ಮಹಾಯುದ್ಧದಲ್ಲಿ ಬಹುವಾಗಿ ಬಳಕೆಯಲ್ಲಿದ್ದ, ಎರಡನೆಯ ಯುದ್ಧದಲ್ಲೂ ಅಲ್ಲಲ್ಲಿ ಬಳಕೆಯಲ್ಲಿದ್ದ 'ಆರ್ಥೊಕ್ರೊಮ್ಯಾಟಿಕ್' ಫಿಲಂ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ನೀಲಿ ಬೆಳ್ಳಗೆ ಕಾಣುತ್ತದೆ. ಹಳದಿಯೂ ಕಪ್ಪಿಡುತ್ತದೆ. ಬ್ರಿಟಿಷ್ ವಿಮಾನದ ಮೇಲಿನ ವೃತ್ತಚಿಹ್ನೆಯಲ್ಲಿ ಹೊರಗೆ ಕಡುನೀಲಿ, ನಡುವೆ ಕೆಂಪು. ಈ ಫಿಲಂನಲ್ಲಿ ಹೊರವೃತ್ತ ತಿಳಿಯಾಗಿ, ನಡುಬೊಟ್ಟು ಕಡುಕಪ್ಪಾಗಿ ಮೂಡುತ್ತದೆ. ಫಿಲಂನ ಗುಣ ತಿಳಿಯದವನು ಚಿತ್ರವನ್ನು ನೋಡಿ ಬಣ್ಣ ಹಚ್ಚಿದರೆ ಎಲ್ಲವೂ ತಿರುವುಮುರುವು.

ಜರ್ಮನಿಯ ಇನ್ನೊಬ್ಬ ವೈಮಾನಿಕ ವೆರ್ನರ್ ಫಾಸ್ 1917ರ ಸೆಪ್ಟೆಂಬರ್‌ನಲ್ಲಿ ಮಡಿದ. ಅವನ ವಿಮಾನದ ಮೂತಿಯ ಮೇಲೆ ಕಣ್ಣು, ಮೀಸೆ ಇರುವ ಮುಖವೊಂದನ್ನು ಬರೆಯಲಾಗಿತ್ತು. ಆ ಮೂತಿಗೆ ಹಳದಿ ಎಂದು ಹಲವು ಚಿತ್ರಗಾರರು ಬಣ್ಣ ಹಾಕಿದರು. ಹಸಿರು ಎಂದು ಬೇರೆಯವರು ವಾದಿಸಿದರು. ವಾದ ನಡೆದಿರುವುದು ಅದೇ ಕೆಲವು ಕಪ್ಪು-ಬಿಳುಪು ಚಿತ್ರಗಳನ್ನು ಮುಂದಿಟ್ಟುಕೊಂಡು. ಚಿತ್ರದ ಬೂದುಬಣ್ಣದ ಒಂದು ಛಾಯೆಗೆ ಎರಡು ಮೂರು ಬಣ್ಣಗಳು ಹಕ್ಕುದಾರರಾದರೆ ನ್ಯಾಯ ಹೇಳುವವರು ಯಾರು?

ಕಾಡಿಗೆಯಿಂದ ಹುಟ್ಟಿದ ಹಸಿರು

ಛಾಯಾಚಿತ್ರ ಬಿಟ್ಟು ಸರಕಾರಿ ಕಾಗದಪತ್ರಕ್ಕೆ ಹೋದರೆ ಅಲ್ಲಿಯೂ ಸಮಾಧಾನವಿಲ್ಲ. ಇದಕ್ಕೆ ಭಾರತೀಯರಿಗೆ ಹತ್ತಿರವಾದ ಒಂದು ಉದಾಹರಣೆಯಿದೆ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ 40ನೇ ಸ್ಕ್ವಾಡ್ರನ್ನಿನಲ್ಲಿ ಎಸ್.ಇ.5ಎ ವಿಮಾನ ಹಾರಿಸುತ್ತ ಎರಡು ವಾರದೊಳಗೆ ಹತ್ತು ವಿಜಯಗಳನ್ನು ಗಳಿಸಿದರು. ಅದೇ ತಿಂಗಳ 22ರಂದು ವೀರಮರಣ ಹೊಂದಿದರು. ಆಗ ಅವರಿಗೆ 19 ವರ್ಷ. ಅವರ ವಿಮಾನವನ್ನು ಸಿಮ್ಯುಲೇಟರಿನಲ್ಲಿ ಮರುಸೃಷ್ಟಿಸಬೇಕೆಂದರೆ ಮೊದಲ ಪ್ರಶ್ನೆ, ಮೇಲ್ಮೈಯ ಬಣ್ಣ.

ದಾಖಲೆ ಇದೆ. 'ಪಿ.ಸಿ.10' ಎಂಬುದು ಅದರ ಹೆಸರು. ಅದರ ಮುಖ್ಯ ಸಾಮಗ್ರಿಗಳು ಹಳದಿ ಛಾಯೆಯ ಕಬ್ಬಿಣದ ಆಕ್ಸೈಡ್ ಮತ್ತು ಎಣ್ಣೆ ಉರಿಸಿ ಹಿಡಿದ ಮಸಿ, ಅಂದರೆ ನಮ್ಮ ಮನೆಗಳಲ್ಲಿ ಹಣತೆಯ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದರಲ್ಲ, ಅಂಥ ಮಸಿ. ಹಳದಿಗೆ ಕಪ್ಪು ಬೆರೆತರೆ ಕಣ್ಣಿಗೆ ಹಸಿರು ಛಾಯೆ ಕಾಣುತ್ತದೆ. ಆದ್ದರಿಂದ ಹೊಸದಾಗಿ ಬಟ್ಟೆಗೆ ಬಳಿದಾಗ ಅದು ಎಲೆಹಸಿರಿಗೆ ವಾಲಿದ ಕಂದು. ಅದನ್ನೇ ಎಣ್ಣೆಯಲ್ಲಿ ಕಲಸಿ ಲೋಹದ ಭಾಗಕ್ಕೆ ಬಳಿದಾಗ ಇನ್ನಷ್ಟು ಕಂದು. ಮೇಲೆ ವಾರ್ನಿಷ್ ಹಚ್ಚಿದರೆ, ಬಿಸಿಲಿನಲ್ಲಿ ನಿಂತರೆ ಮತ್ತೆ ಬದಲು. ಹಾಗಾಗಿ ಒಂದೇ ಹೆಸರಿನ ಬಣ್ಣಕ್ಕೆ ಒಬ್ಬರು 'ಆಲಿವ್ ಹಸಿರು' ಎಂದರೆ ಇನ್ನೊಬ್ಬರು 'ಚಾಕೊಲೇಟ್ ಕಂದು' ಎಂದರು. ಇಬ್ಬರೂ ತಾವು ಕಂಡದ್ದನ್ನೇ ಹೇಳಿರಬಹುದು.

ಎರಡನೆಯ ಯುದ್ಧದಲ್ಲಿ ಬಣ್ಣಗಳಿಗೆ ಹೆಸರು, ಸಂಖ್ಯೆ, ಮಾದರಿ ಕಾರ್ಡು ಎಲ್ಲವೂ ಇದ್ದವು. ಆದರೆ ಕಾರ್ಡು ಇದ್ದ ಮಾತ್ರಕ್ಕೆ ಉಗ್ರಾಣದಲ್ಲಿ ಬಣ್ಣ ಇರಬೇಕಲ್ಲ. 1940ರ ಜೂನ್‌ನಲ್ಲಿ ಬ್ರಿಟಿಷ್ ಫೈಟರ್‌ಗಳ ತಳಭಾಗಕ್ಕೆ 'ಸ್ಕೈ' ಎಂಬ ತಿಳಿಹಸಿರು ಛಾಯೆಯ ಬಣ್ಣ ಬಳಿಯಬೇಕೆಂದು ಆದೇಶವಾಯಿತು. ಸಾಕಷ್ಟು ಬಣ್ಣ ದೊರೆಯಲಿಲ್ಲ. ನೆಲೆಗಳವರು ತಮ್ಮಲ್ಲಿದ್ದ ನೀಲಿ, ಹಸಿರು, ಬಿಳಿಗಳನ್ನು ಬೆರೆಸಿ ಆಕಾಶದಂತೆ ಕಾಣುವ ಏನನ್ನೋ ಬಳಿದರು. ಜಗತ್ಪ್ರಸಿದ್ಧವಾದ 'ಬ್ಯಾಟಲ್ ಆಫ್ ಬ್ರಿಟನ್' ನಡೆದದ್ದು ಈ ಬೆರಕೆ ಬಣ್ಣಗಳಲ್ಲಿ. ಯುದ್ಧದ ಕೊನೆಯ ವರ್ಷ ಜರ್ಮನಿಯಲ್ಲೂ ಇದೇ ಕಥೆ. 81, 82 ಎಂಬ ಸಂಖ್ಯೆಯ ಹೊಸ ಬಣ್ಣಗಳು ಮಾದರಿ ಕಾರ್ಡಿಲ್ಲದೆಯೇ ಕಾರ್ಖಾನೆಗಳಿಗೆ ಹೋದವು. ಅವುಗಳ ನಿಜವಾದ ಛಾಯೆಯ ಬಗ್ಗೆ ಸಂಶೋಧಕರು ದಶಕಗಳಿಂದ ವಾದಿಸುತ್ತಿದ್ದಾರೆ.

ಜಪಾನಿನ 'ಝೀರೊ' ವಿಮಾನದ್ದು ಇನ್ನೊಂದು ಬಗೆ. ಆರಂಭದ ಝೀರೊಗಳು ತಿಳಿ ಬೂದು ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ಜಪಾನಿ ದಾಖಲೆಯೊಂದರಲ್ಲಿ ಮಾತ್ರ 'ಅಮೆಇರೊ' ಎಂಬ ಪದವಿತ್ತು. ಸಕ್ಕರೆ ಪಾಕದ ಮಿಠಾಯಿಯ ಬಣ್ಣ ಎಂದು ಅದರ ಅರ್ಥ. ಉಳಿದ ಚೂರುಗಳನ್ನು ಉಜ್ಜಿ ನೋಡಿದಾಗ ಒಳಗಿನ ಬೂದುಬಣ್ಣ ಹಳದಿ-ಹಸಿರಿಗೆ ವಾಲಿದ್ದು ಕಂಡಿತು. ಮೇಲ್ಪದರ ಬಿಸಿಲು ಗಾಳಿಗೆ ಸುಣ್ಣದ ಪುಡಿಯಂತಾಗಿ ಬಿಳಿಚಿಕೊಂಡಿತ್ತು. ಹೊಸ ವಿಮಾನ ಒಂದು ಬಣ್ಣ, ಆರು ತಿಂಗಳು ಸಮುದ್ರದ ಮೇಲೆ ಹಾರಿದ ವಿಮಾನ ಇನ್ನೊಂದು ಬಣ್ಣ. ಹಾಗಾದರೆ ಝೀರೊದ 'ನಿಜವಾದ' ಬಣ್ಣ ಯಾವುದು? ಯಾವ ದಿನದ್ದು ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಪರದೆಯ ತೊಡಕು ಉಳಿಯುತ್ತದೆ. ಕಂಪ್ಯೂಟರಿಗೆ ಬಣ್ಣವೆಂದರೆ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗಿನ ಮೂರು ಸಂಖ್ಯೆಗಳು. ಮಾದರಿ ಕಾರ್ಡಿನ ಬಣ್ಣವನ್ನು ಕರಾರುವಾಕ್ಕಾಗಿ ಅಳೆದು ಹಾಕಿದರೂ ಪರದೆಯ ವಿಮಾನ ಯಾಕೋ ಕಪ್ಪಾಗಿ, ಭಾರವಾಗಿ ಕಾಣುತ್ತದೆ. ದೂರದ ಬೆಟ್ಟ ತಿಳಿನೀಲಿಯಾಗಿ ಕಾಣುವಂತೆ, ದೂರದ ವಸ್ತುವಿನ ಬಣ್ಣಕ್ಕೆ ನಡುವಣ ಗಾಳಿ ಒಂದು ತೆರೆ ಎಳೆಯುತ್ತದೆ. ಹಾಗಾಗಿ ಹವ್ಯಾಸಿಗಳು ಅಳತೆಯ ಬಣ್ಣವನ್ನು ಕೊಂಚ ತಿಳಿಗೊಳಿಸುತ್ತಾರೆ. ಎಷ್ಟು ತಿಳಿ ಎಂಬುದನ್ನು ಕಣ್ಣೇ ಹೇಳಬೇಕು.

ಪದರದ ಕೆಳಗಿನ ಪದರ

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಉಳಿದ ವಿಮಾನವೇ. ಆದರೆ ಸಂಗ್ರಹಾಲಯದ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಮೂಲ ಬಣ್ಣವನ್ನು ಹಾಗೆಯೇ ಉಳಿಸಿಕೊಂಡವು ಬೆರಳೆಣಿಕೆಯಷ್ಟು. ಆಸ್ಟ್ರೇಲಿಯದ ಯುದ್ಧ ಸ್ಮಾರಕದಲ್ಲಿರುವ ಮೆಸರ್‌ಸ್ಮಿಟ್ 109 ಅಂಥದೊಂದು. ಅದರ ಮಾಸಿದ ಮೈ ಸಂಶೋಧಕರಿಗೆ ಶಾಸನದಷ್ಟೇ ಬೆಲೆಯುಳ್ಳದ್ದು.

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಾಲಯದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ಇದೆ. 1980ರ ದಶಕದ ಆರಂಭದಲ್ಲಿ ಅದನ್ನು ದುರಸ್ತಿ ಮಾಡುವಾಗ ಬಣ್ಣವನ್ನು ಪದರ ಪದರವಾಗಿ ಉಜ್ಜುತ್ತ ಹೋದರು. ಒಂದರ ಕೆಳಗೊಂದು ಬೇರೆ ಬೇರೆ ಕಾಲದ ಗುರುತುಗಳು ಹೊರಬಂದವು. ಮೊದಲು ಫೈಟರ್ ಆಗಿದ್ದ ವಿಮಾನವನ್ನು ಮುಂದೆ ನೆಲದ ಮೇಲಿನ ಗುರಿಗಳಿಗೆ ದಾಳಿಯಿಡುವ ವಿಮಾನವಾಗಿ ಮಾರ್ಪಡಿಸಿದ್ದರು. ಹಳೆಯ ದೇವಸ್ಥಾನದ ಗೋಡೆಯ ಸುಣ್ಣ ಕೆರೆದಾಗ ಅಡಿಯಲ್ಲಿ ಭಿತ್ತಿಚಿತ್ರ ಸಿಕ್ಕಂತೆ ಇದು.

ಈ ಫೋಕೆ-ವುಲ್ಫ್ 190ನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಅವರಿಗೂ ಬೆಂಗಳೂರಿಗೂ ನಂಟಿದೆ. ಯುದ್ಧಾನಂತರ, 1950ರ ದಶಕದಲ್ಲಿ, ಅವರು ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಗೆ ಬಂದರು. ಅವರ ನೇತೃತ್ವದಲ್ಲಿ ಭಾರತೀಯ ಎಂಜಿನಿಯರುಗಳು ರೂಪಿಸಿದ ಎಚ್‌ಎಫ್-24 'ಮರುತ್' 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ಪ್ರಾಣ ಕಳೆದುಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ. 1971ರ ಯುದ್ಧದಲ್ಲಿ ಮರುತ್ ರಾಜಸ್ಥಾನದ ಮರುಭೂಮಿಯ ಮೇಲೆ ಕಾದಾಡಿತು.

ಕೆಂಪು ಬೊಟ್ಟು ಅಳಿಸಿದ ಕಥೆ

ಭಾರತದ ವಿಮಾನಗಳ ಬಣ್ಣಕ್ಕೂ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹೋರಾಡಿದ ಭಾರತೀಯ ವಾಯುಪಡೆ ಬ್ರಿಟಿಷರ ವೃತ್ತಚಿಹ್ನೆಯನ್ನೇ ಧರಿಸುತ್ತಿತ್ತು. ಅದರ ನಡುವಿನ ಕೆಂಪು ಬೊಟ್ಟು ಅಪಾಯ ತಂದಿತು. ಎದುರಾಳಿ ಜಪಾನಿನ ಚಿಹ್ನೆಯೇ ಕೆಂಪು ಸೂರ್ಯ. ಕ್ಷಣಾರ್ಧದಲ್ಲಿ ಗುಂಡು ಹಾರಿಸಬೇಕಾದವನಿಗೆ ಕೆಂಪು ಕಂಡರೆ ಸಾಕು, ವೈರಿಯೇ ಎಂದು ಅನಿಸಬಹುದು. ಇದೇ ಕಾರಣಕ್ಕೆ ಅಮೆರಿಕ 1942ರ ಮೇ ತಿಂಗಳಲ್ಲಿ ತನ್ನ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ಅಳಿಸಿತು. ಭಾರತ-ಬರ್ಮಾ ರಂಗದ ವಿಮಾನಗಳಿಂದಲೂ ಕೆಂಪು ಮಾಯವಾಗಿ, ಕಡುನೀಲಿಯ ನಡುವೆ ತಿಳಿನೀಲಿ ಬೊಟ್ಟಿನ ಚಿಹ್ನೆ ಬಂತು. ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ 1ನೇ ಸ್ಕ್ವಾಡ್ರನ್ನಿನ ಹರಿಕೇನ್‌ಗಳು 1944ರಲ್ಲಿ ಇಂಫಾಲದ ಆಕಾಶದಲ್ಲಿ ಹಾರುವ ಹೊತ್ತಿಗೆ ಈ ಬದಲಾವಣೆ ಆಗಿತ್ತು. ಸಾಮಾನ್ಯ ಹರಿಕೇನ್‌ನ ಮೇಲೆ ಕೆಂಪು ಬೊಟ್ಟಿಟ್ಟು 'ಇಂಫಾಲದ ವಿಮಾನ' ಎಂದರೆ ಅದು ಸಣ್ಣ ತಪ್ಪಲ್ಲ. ಅಲ್ಲಿ ಹಾರಿದವರ ಒಂದು ದೊಡ್ಡ ಭಯವನ್ನೇ ಒರೆಸಿಹಾಕಿದಂತೆ.

ಗಣರಾಜ್ಯವಾದ 1950ರಿಂದ ಕೇಸರಿ, ಬಿಳಿ, ಹಸಿರಿನ ವೃತ್ತಗಳು ಬಂದವು. 1971ರ ಯುದ್ಧದ ಹೊತ್ತಿಗೆ, ಅದುವರೆಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಮಿಗ್-21ಗಳಿಗೆ ತರಾತುರಿಯಲ್ಲಿ ಮರೆಬಣ್ಣ ಬಳಿದರು. ಒಂದೊಂದು ನೆಲೆಯಲ್ಲಿ ಒಂದೊಂದು ಬಗೆ. ಬ್ರಿಟನ್ನಿನಲ್ಲಿ 1940ರಲ್ಲಿ ಆದದ್ದೇ ಇಲ್ಲಿಯೂ ಆಯಿತು ಎನ್ನಬಹುದು.

ಜರ್ಮನ್ ಮತ್ತು ಬ್ರಿಟಿಷ್ ವಿಮಾನಗಳ ಬಗ್ಗೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಭಾರತದ ವಿಮಾನಗಳ ಬಗ್ಗೆ ಇರುವುದು ಸ್ವಲ್ಪವೇ. ಆದ್ದರಿಂದ ಸಿಮ್ಯುಲೇಟರಿನ ಆಕಾಶದಲ್ಲಿ ಯುರೋಪಿನ ವಿಮಾನಗಳು ನೂರಾರು ಬಣ್ಣಗಳಲ್ಲಿ ಹಾರುತ್ತವೆ. ಭಾರತದ ವಿಮಾನವನ್ನು ಯಾರಾದರೂ ಕುಳಿತು ಹುಡುಕಿ ಬಳಿದರೆ ಮಾತ್ರ ಅದು ಅಲ್ಲಿ ಇರುತ್ತದೆ. ಬಳಿಯದಿದ್ದರೆ ಆ ಯುದ್ಧದಲ್ಲಿ ನಾವು ಇರಲೇ ಇಲ್ಲವೇನೋ ಎಂಬಂತೆ.

ಬಿಟ್ಟುಬಿಡುವುದು ಮತ್ತು ಊಹಿಸುವುದು

ಕೆಲವೊಮ್ಮೆ ತಿಳಿದಿದ್ದೂ ಬಿಡಬೇಕಾಗುತ್ತದೆ. ಜರ್ಮನಿಯ ಕಾನೂನು ನಾಜಿ ಚಿಹ್ನೆಗಳ ಪ್ರದರ್ಶನವನ್ನು ನಿರ್ಬಂಧಿಸಿರುವುದರಿಂದ ಅನೇಕ ಸಿಮ್ಯುಲೇಟರುಗಳಲ್ಲಿ ಜರ್ಮನ್ ವಿಮಾನಗಳ ಬಾಲದ ಮೇಲಿನ ಸ್ವಸ್ತಿಕ ಇರುವುದಿಲ್ಲ. ಅದನ್ನು ಹಾಕಬೇಕೇ ಬೇಡವೇ ಎಂಬುದು ಹವ್ಯಾಸಿಗಳ ನಡುವೆ ಹಳೆಯ ಜಗಳ. ನಡೆದ ಕ್ರೌರ್ಯಕ್ಕೆ ಅದೇ ಗುರುತು, ಅಳಿಸಿದರೆ ವಿಮಾನ ನಿರಪರಾಧಿಯಂತೆ ಕಾಣುತ್ತದೆ ಎಂದು ಒಂದು ಕಡೆಯವರು. ಅದನ್ನು ಅಲಂಕಾರದಂತೆ ಹೊಳೆಯಿಸುವುದೇ ತಪ್ಪು ಎಂದು ಇನ್ನೊಂದು ಕಡೆಯವರು. ಎರಡೂ ಮಾತಿನಲ್ಲಿ ತಥ್ಯವಿದೆ. ಈ ನಡುವೆ ಫಿನ್ಲೆಂಡಿನ ವಾಯುಪಡೆ, ನಾಜಿ ಪಕ್ಷ ಹುಟ್ಟುವ ಮೊದಲೇ, 1918ರಿಂದ ನೀಲಿ ಸ್ವಸ್ತಿಕವನ್ನು ಧರಿಸಿ 1945ರವರೆಗೂ ಉಳಿಸಿಕೊಂಡಿತ್ತು ಎಂಬುದನ್ನು ಮರೆತು ಎರಡನ್ನೂ ಒಂದೇ ಎಂದು ತಿಳಿಯುವವರೂ ಇದ್ದಾರೆ. ಮನೆಯ ಹೊಸ್ತಿಲ ಮೇಲೆ ಸ್ವಸ್ತಿಕ ಬರೆಯುವ ನಮಗೆ, ಒಂದು ಗುರುತಿನ ಅರ್ಥ ಅದು ಎಲ್ಲಿ, ಯಾರ ಕೈಯಲ್ಲಿ ಇದೆ ಎಂಬುದರ ಮೇಲೆ ನಿಲ್ಲುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಊಹೆಯದು. ಒಂದು ವಿಮಾನದ ಎಡಮಗ್ಗುಲಿನ ಒಂದೇ ಚಿತ್ರ ಉಳಿದಿದೆ ಎನ್ನೋಣ. ಬಲಮಗ್ಗುಲಲ್ಲಿ ಏನಿತ್ತು? ಪುಸ್ತಕ ಬರೆಯುವವನು ಎಡಮಗ್ಗುಲನ್ನು ಮಾತ್ರ ತೋರಿಸಿ ಸುಮ್ಮನಾಗಬಹುದು. ಸಿಮ್ಯುಲೇಟರಿಗೆ ಬಳಿಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಪರದೆಯ ವಿಮಾನವನ್ನು ಸುತ್ತಿ ನೋಡಬಹುದು, ಅದಕ್ಕೆ ಬಲಮಗ್ಗುಲು ಇರಲೇಬೇಕು. ಹೀಗೆ ಅವನು ಅನಿವಾರ್ಯವಾಗಿ ಊಹಿಸುತ್ತಾನೆ. ಊಹಿಸಿದ್ದು ತಪ್ಪಲ್ಲ. ಊಹೆಯೆಂದು ಹೇಳದೆ ಇರುವುದು ತಪ್ಪು.

ಯಾಕೆಂದರೆ ಚಿತ್ರಕ್ಕೆ ಕಾಲುಗಳಿವೆ. ಒಬ್ಬರು ಊಹಿಸಿ ಬಳಿದ ವಿಮಾನ ಸಿಮ್ಯುಲೇಟರಿನಿಂದ ವಿಡಿಯೋಕ್ಕೆ ಹೋಗುತ್ತದೆ, ಅಲ್ಲಿಂದ ಲೇಖನಕ್ಕೆ, ಅಲ್ಲಿಂದ ಮಕ್ಕಳ ಶಾಲಾ ಯೋಜನೆಯ ಹಾಳೆಗೆ. ಕೆಲವು ವರ್ಷಗಳ ನಂತರ ಇನ್ನೊಬ್ಬ ಅದನ್ನೇ ಸಾಕ್ಷಿಯೆಂದು ಹಿಡಿದುಕೊಂಡು ಹೊಸ ಚಿತ್ರ ಬರೆಯುತ್ತಾನೆ. ಊಹೆ ಸುತ್ತು ಹಾಕಿ ಬಂದು ಇತಿಹಾಸವಾಗುತ್ತದೆ. ಒಳ್ಳೆಯ ಹವ್ಯಾಸಿಗಳು ಇದನ್ನು ಬಲ್ಲರು. ತಮ್ಮ ಕೆಲಸದ ಜೊತೆಗೆ ಅವರು ಒಂದು ಚಿಕ್ಕ ಟಿಪ್ಪಣಿ ಇಡುತ್ತಾರೆ. ಇಷ್ಟು ಛಾಯಾಚಿತ್ರದಿಂದ, ಇಷ್ಟು ದಾಖಲೆಯಿಂದ, ಉಳಿದದ್ದು ನನ್ನ ಊಹೆ. ಆ ನಾಲ್ಕು ಸಾಲು ಇರುವ ಕೆಲಸ, ಎಷ್ಟೇ ಚೆಂದವಾಗಿದ್ದೂ ಟಿಪ್ಪಣಿಯಿಲ್ಲದ ಕೆಲಸಕ್ಕಿಂತ ಮೇಲು.

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮರುತ್ ನಿಂತಿದೆ. ಬಯಲಿನಲ್ಲಿ ನಿಂತ ಯಾವುದೇ ವಿಮಾನಕ್ಕೆ ಮಳೆ ಬಿಸಿಲುಗಳ ದೆಸೆಯಿಂದ ಆಗಾಗ ಹೊಸ ಬಣ್ಣ ಬಳಿಯಲೇಬೇಕು. ನೋಡಲು ಬರುವ ಮಕ್ಕಳಿಗೆ ಅದೇ ಮರುತ್‌ನ ಬಣ್ಣ. 1971ರಲ್ಲಿ ಆ ಜಾತಿಯ ವಿಮಾನಗಳು ಹೇಗಿದ್ದವೆಂಬುದನ್ನು ಬಲ್ಲವರು, ಅವುಗಳಿಗೆ ಬಣ್ಣ ಬಳಿದವರು, ನಟ್ಟು ಬಿಗಿದವರು, ಹಾರಿಸಿದವರು ಇಂದು ವೃದ್ಧರು. ಅವರ ಮನೆಯ ಟ್ರಂಕಿನಲ್ಲಿ ಒಂದು ಹಳೆಯ ವರ್ಣಚಿತ್ರವೋ, ಕೆಲಸದ ಡೈರಿಯೋ ಇರಬಹುದು. ಸೊಮ್ ನದಿಯ ದಂಡೆಯಲ್ಲಿ ಸೈನಿಕರು ಹರಿದುಕೊಂಡ ಬಟ್ಟೆಯ ಚೂರಿಗೆ ಇರುವ ಬೆಲೆಯೇ ಅದಕ್ಕೂ ಇದೆ. ಕೇಳಬೇಕಾದವರು ಈಗಲೇ ಕೇಳಬೇಕು. ಮುಂದೆ ಯಾರಾದರೂ ಪರದೆಯ ಮೇಲೆ ಮರುತ್‌ಗೆ ಬಣ್ಣ ಬಳಿಯಲು ಕುಳಿತಾಗ, ಊಹೆಯೊಂದೇ ಅವರ ಕೈಯಲ್ಲಿ ಉಳಿಯಬಾರದು.